ಭಟ್ಟಿಯಲ್ಲಿ ಪರೀಕ್ಷೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿ.
ನನ್ನ ಚೀಲದಲ್ಲಿ ಬಣ್ಣದ ಮರದ ತುಂಡು, ಇಪ್ಪತ್ತು ಪ್ರಶ್ನೆ,
ಎಷ್ಟು ಬೇಗ ಹೊಳೆಯಿತೆಂದು ಅಳೆಯಲು ಸ್ಟಾಪ್‌ವಾಚು.

"ಬೇಗ ಅಂದ್ರೆ ಹಸಿ, ತಡ ಅಂದ್ರೆ ಕರಕು,"
ತುಂಡುಗಳನ್ನು ಮೊಮ್ಮಗನಿಗೆ ಆಡಲು ಕೊಟ್ಟು
ಖೈರುನ್‌ಬಿ ಕಾದ ಮರಳಿಗೆ ಅಕ್ಕಿ ಸುರಿದಳು.
ನೋಡಲಿಲ್ಲ. ಹೊಗೆಗೆ ಕಣ್ಣು ಮುಚ್ಚಿ ಕಿವಿ ಕೊಟ್ಟಳು.
ಚಿಟಪಟದೊಳಗಿನ ಯಾವುದೋ ಒಂದು ಚಿಟ್ಟಿಗೆ
ಜರಡಿ ಎತ್ತಿದಳು.
ಅಳೆದೆ: ಒಂಬತ್ತು ಸೆಕೆಂಡು, ಹದಿಮೂರು, ಹತ್ತು.
ಒಂದಕ್ಕೊಂದು ತಾಳೆಯಿಲ್ಲ;
ಮೊರದ ತುಂಬ ಒಂದೇ ಬಿಳುಪು.

ನನ್ನಜ್ಜ ರುಮಾಲು ಕಂಕುಳಲ್ಲಿಟ್ಟು
ಹೊಸ್ತಿಲಾಚೆ ನಿಂತು, ಒಳಗಿದ್ದವರನ್ನು
"ಬುದ್ಧೀ" ಎಂದು ಕರೆಯುತ್ತಿದ್ದ.
ಒಳಗಿದ್ದವರಿಗೆ ಅದು ಹೆಸರು.
ಹೊರಗಿದ್ದವರಿಗೆ ಕಲಿಸುವಂಥದು,
ಹುಣಸೆ ಬರಲಿನಲ್ಲಿ.

ಖೈರುನ್‌ಬಿಯ ಮನೆಮಾತಿನಲ್ಲಿ ಅದು ಅಕಲ್ಲು,
ಕೊನೆಯ ದವಡೆಹಲ್ಲಿನ ಜೊತೆ ಬರುವುದಂತೆ.
"ನಂದು ಹೋದ ವರ್ಷಾನೇ ಕೀಳಿಸ್ದೆ,"
ಬಾಯಿ ತೆರೆದು ತೋರಿಸಿ ನಕ್ಕಳು.

ಆಮೇಲೆ ಜರಡಿ ನನ್ನ ಕೈಗಿಟ್ಟಳು. "ಕೇಳು."
ಕೇಳಿದೆ. ನನಗೆ ಎಲ್ಲ ಚಿಟ್ಟೂ ಒಂದೇ.
ಎತ್ತುವಷ್ಟರಲ್ಲಿ ಕಾಳು ಕಂದಿತ್ತು.

ಅಂಕ ಬರೆದುಕೊಳ್ಳಲಿಲ್ಲ ಅವಳು.
"ಇರ್ಲಿ ಬಿಡಮ್ಮಾ, ಎಮ್ಮೆ ತಿನ್ನುತ್ತೆ."