ಎಡಗೈ

ಹಂಪನಕಟ್ಟೆಯ ಗಲ್ಲಿ, ಅಪ್ಪನ ಮಿಕ್ಸಿ ರಿಪೇರಿ ಅಂಗಡಿ.
ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಎಳೆದು
ಮೊಬೈಲನ್ನು ಬಿಸ್ಕೆಟ್ ಡಬ್ಬಿಗೆ ಒರಗಿಸಿ
ಫ್ಯಾನ್ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ಮಾತು ಕೇಳುವುದಿಲ್ಲ.
ಏಪ್ರಿಲಿನ ಸೆಕೆ. ಮೂಗಿನ ಬೆವರು ಮೋಟಾರಿಗೆ ಬೀಳದ ಹಾಗೆ
ಹೇಳುತ್ತಾ ಹೋಗುತ್ತೇನೆ: ನೋಡಿ, ತೆಂಗಿನಹಾಲು ಇಳಿದಿಳಿದು
ಬುಶ್ ಹೇಗೆ ಕಚ್ಚಿಕೊಂಡಿದೆ. ಇದು ಕಡಲಗಾಳಿಯ ತುಕ್ಕು,
ಸ್ಕ್ರೂವಿನ ಮೇಲೆ ಸಿಟ್ಟು ಬೇಡ,
ಒಂದು ಹನಿ ಎಣ್ಣೆ ಬಿಟ್ಟು ಚಾ ಕುಡಿದು ಬನ್ನಿ.

ಹನ್ನೊಂದು ನಿಮಿಷ. ನಾಲ್ಕು ರಾತ್ರಿಯ ಕೆಲಸ.

ಯಾರೋ ಅದನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿದರು.
ಮೀನು ಕತ್ತರಿಸುವವರೂ ತಲೆಯನ್ನು ಸಾರಿಗೆಂದು ಇಡುತ್ತಾರೆ;
ಇವರು ನನ್ನ ತಲೆ ತೆಗೆದರು, ದನಿ ತೆಗೆದರು,
ಎಂತದೋ ಢಣಢಣ ಸಂಗೀತ ಸುರಿದು
ಸಿಕ್ಕಿಬೀಳಬಾರದೆಂದು ಕನ್ನಡಿಯ ಹಾಗೆ ತಿರುಗಿಸಿದರು.
ಅದನ್ನು ನೋಡಿದವರು ಹನ್ನೆರಡು ಲಕ್ಷ.
ನನ್ನದನ್ನು ಎಂಟುನೂರ ಆರು,
ಅದರಲ್ಲಿ ಮೂವತ್ತು ಸಲ ನನ್ನ ತಮ್ಮ ಗ್ಲೆನ್ನನೇ.

ಗ್ಲೆನ್ ಲೆಕ್ಕ ಹಾಕುತ್ತಾನೆ, ಲಕ್ಷಕ್ಕೆ ಇಷ್ಟು, ಹನ್ನೆರಡಕ್ಕೆ ಅಷ್ಟು:
'ಒಂದು ಡ್ರಿಲ್ಲಿಂಗ್ ಮಿಶಿನ್ ಹೋಯಿತು, ಅಕ್ಕಾ.'
ಹೋಯಿತು ಎನ್ನಲು ಬಂದಿತ್ತಾ?
ಬಾಗಿಲಿಗೇ ಬಾರದ ಹನ್ನೆರಡು ಲಕ್ಷದ ಬಾಕಿಯನ್ನು
ಯಾವ ಪುಸ್ತಕದಲ್ಲಿ ಬರೆಯಲಿ?
ಹಾಗಂತ ನಿದ್ದೆ ಬರುವುದಿಲ್ಲ ಮಾರಾಯ.

ಸೋಮವಾರ ಉಳ್ಳಾಲದ ಆಸ್ಯಮ್ಮ
ಬಸ್ಸಿನಲ್ಲಿ ಮಡಿಲ ಮೇಲೆ ಮಿಕ್ಸಿ ಇಟ್ಟುಕೊಂಡು ಬಂದರು,
ಬಿಡಿಭಾಗಗಳು ಬೇರೆ ಚೀಲದಲ್ಲಿ.
'ಸೊಸೆ ಫೋನಿನಲ್ಲಿ ನೋಡಿ ಬಿಚ್ಚಿದಳು, ಜೋಡಿಸಲಿಕ್ಕೆ ಆಗಲಿಲ್ಲ,
ವಿಡಿಯೊ ಅರ್ಧಕ್ಕೇ ಮುಗೀತದೆ. ನೀವು ನೋಡಿ ಒಮ್ಮೆ,
ಇವಳ ಹಾಗೇ ಮಾಡಿ. ಪಾಪ, ಎಡಗೈಯವಳು,
ಆದರೂ ಎಷ್ಟು ನಾಜೂಕು ಉಂಟು ಮಾರ್ರೆ!'

ತೆರೆಯ ಮೇಲೆ ಎಡ ಹೆಬ್ಬೆರಳು, ಬೆಸುಗೆಯ ಸುಟ್ಟ ಕಲೆ.
ಪಕ್ಕದಲ್ಲಿ, ಬೆಂಚಿನ ಮೇಲೆ, ನನ್ನ ಬಲ ಹೆಬ್ಬೆರಳು.
ಆಸ್ಯಮ್ಮ ಮಿಕ್ಸಿಯನ್ನೇ ನೋಡುತ್ತಿದ್ದರು.

ಜೋಡಿಸಿ ಕೊಟ್ಟೆ. ನೂರೈವತ್ತು ತೆಗೆದುಕೊಂಡೆ.
ಕಳ್ಳನೇ ಕಳಿಸಿದ ಗಿರಾಕಿ.
ಮೆಟ್ಟಿಲಿಳಿಯುತ್ತಾ ತಿರುಗಿ ಅಂದರು,
'ನೀವು ಸಹ ವಿಡಿಯೊ ಹಾಕಿ, ಅದರಲ್ಲಿ ಒಳ್ಳೆ ದುಡ್ಡಂತೆ.'

ಅವರು ಹೋದ ಮೇಲೆ ಸ್ಕ್ರೂಡ್ರೈವರನ್ನು
ಎಡಗೈಯಲ್ಲಿ ಹಿಡಿದು ನೋಡಿದೆ.
ಜಾರಿತು. ಸ್ಕ್ರೂ ಎಲ್ಲೋ ಬೆಂಚಿನಡಿ.
ಫ್ಯಾನ್ ಆಫ್ ಮಾಡಿದ್ದರೆ
ಬಿದ್ದ ಸದ್ದಾದರೂ ಕೇಳುತ್ತಿತ್ತು.