ಚೊಂಬು ಅಡಗಿದ ರಾತ್ರಿ

ಜೂನ್ ತಿಂಗಳು. ಡಂಡಿಯಲ್ಲಿ ರಾತ್ರಿ ಹತ್ತೂವರೆಯಾದರೂ
ಬೆಳಕು ಎದ್ದು ಹೋಗುವುದಿಲ್ಲ;
ಹೊರಟೆ ಹೊರಟೆ ಎನ್ನುವ ನೆಂಟರ ಹಾಗೆ
ಹೊಸ್ತಿಲಲ್ಲೇ ನಿಂತಿರುತ್ತದೆ.
ಮೂರನೇ ಮಹಡಿಯ ಕಿಟಕಿಗೆ ಸ್ನಾನದ ಟವೆಲ್ಲು,
ಅದು ಸಾಲದೆ ನನ್ನ ಹಳೇ ಇಳಕಲ್ ಸೀರೆ,
ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ಅಷ್ಟಿಷ್ಟು ಕತ್ತಲೆ ಮಾಡಿದೆ.
ನೆಲದ ಮೇಲೆ ಐದು ಸ್ಲೀಪಿಂಗ್ ಬ್ಯಾಗು.

ಇಬ್ಬನಿಗೆ ಒಂಬತ್ತು ತುಂಬಿತು.
ನಾಲ್ಕು ದಿನದಿಂದ ಮನೆಯನ್ನು ತಿದ್ದುತ್ತಿದ್ದಾಳೆ:
ಹತ್ತು ಕೇಜಿ ಅಕ್ಕಿಚೀಲ ನನ್ನ ಮಂಚದಡಿಗೆ,
ಕಿಟಕಿಕಟ್ಟೆಯ ಸಂಡಿಗೆ ಬೀರುವಿಗೆ,
ಬಚ್ಚಲಿನ ಚೊಂಬು
ಎಲ್ಲಿಗೆ ಹೋಯಿತೋ, ಹೇಳಲಿಲ್ಲ.
"ಇವತ್ತು ಒಗ್ಗರಣೆ ಬೇಡಮ್ಮಾ. ಪಿಜ್ಜಾ ಸಾಕು.
ನಾಳೆ ಕಾರ್ನ್‌ಫ್ಲೇಕ್ಸು. ಪ್ಲೀಸ್, ದೋಸೆ ಅಲ್ಲ."
ಆಯಿತು ತಾಯಿ, ಅಂದೆ.

ಬಾಗಿಲಲ್ಲಿ ಒಬ್ಬೊಬ್ಬರೇ
ಮಗುವನ್ನೂ ಒಂದು ಎಚ್ಚರಿಕೆಯನ್ನೂ ಒಪ್ಪಿಸಿ ಹೋದರು.
ಟೆಗನ್‌ಗೆ ಇನ್‌ಹೇಲರ್, ನೀಲಿಯದು, ಎರಡೇ ಸಲ.
ಐಲಿಗೆ ಕಡಲೇಬೀಜ ಸೋಂಕಲೂ ಬಾರದು.
ಜೋಫಿಯಾಗೆ ಕತ್ತಲೆಂದರೆ ಹೆದರಿಕೆ,
ಹೆದರಿದೆ ಅಂತ ಹೇಳುವವಳಲ್ಲ.
ಮಿರೆನ್‌ಳ ಅಪ್ಪ ಏನೂ ಹೇಳದೆ
ಒಂದು ಬಕೆಟ್ಟು ಕೊಟ್ಟು ಹೋದ.
ಯಾಕೆಂದು ಹನ್ನೊಂದಕ್ಕೆ ಗೊತ್ತಾಯಿತು.

ಹನ್ನೆರಡಕ್ಕೆ ಕೆಳಗಿನ ಮನೆಯ ಮುದುಕ ಲೆನಿ
ಪೊರಕೆಯ ಹಿಡಿಯಿಂದ ತನ್ನ ಸೂರು ತಟ್ಟಿದ, ಮೂರು ಸಲ.
ಹುಡುಗಿಯರು ನೆಲ ತಟ್ಟಿದರು, ಮೂರು ಸಲ.
ಅವನು ನಾಲ್ಕು. ಇವರು ನಾಲ್ಕು.
ಆಮೇಲೆ ಅದು ಜಗಳವಾಗಿ ಉಳಿಯಲಿಲ್ಲ.
ಮೊದಲು ಸುಸ್ತಾದವನು ಅವನೇ.

ಎರಡಕ್ಕೆ ನನ್ನ ಬಾಗಿಲು ಒಂದಿಷ್ಟೇ ತೆರೆಯಿತು.
ಇವರಿಗೆ ರಾತ್ರಿ ಪಾಳಿ; ಮಂಚದ ಆ ಅರ್ಧ ತಣ್ಣಗಿತ್ತು.
ಜೋಫಿಯಾ ಇರಬೇಕೆಂದು
ಇಂಗ್ಲಿಷಿನಲ್ಲೇ ಸಮಾಧಾನ ಶುರುಮಾಡಿದೆ.
ಬಾಗಿಲು ಕನ್ನಡದಲ್ಲಿ ಅಂದಿತು:
"ಅಮ್ಮಾ, ನಮ್ಮನೆಗೆ ಹೋಗೋಣ."

ಇದೇ ನಮ್ಮನೆ ಅಲ್ಲವೇನೇ?

"ಹೂಂ. ಆದ್ರೆ ಬೇರೆ ಥರ ಉಸಿರಾಡ್ತಿದೆ."

ಏನು ಹೇಳಲಿ. ಹೊದಿಕೆ ಎತ್ತಿದೆ. ಒಳಗೆ ಸೇರಿದಳು,
ಕಾಲು ಎರಡೂ ಮಂಜುಗಡ್ಡೆ.
"ಐದಕ್ಕೆ ಎಬ್ಬಿಸು. ಯಾರಿಗೂ ಹೇಳಬಾರ್ದು. ಆಣೆ ಹಾಕು."
ಅನ್ನದಾಣೆ, ಅಂದೆ.
ಹೇಗೂ ಮಂಚದಡಿ ಹತ್ತು ಕೇಜಿ ಇತ್ತಲ್ಲ.

ಐದಕ್ಕೆ ಹೊರಗೆ ಪೂರ್ತಿ ಹಗಲು,
ಕಡಲಹಕ್ಕಿಗಳು ಸಂತೆ ನೆರೆಸಿದ್ದವು ಛಾವಣಿಯಲ್ಲಿ.
ಎಬ್ಬಿಸಲಿಲ್ಲ. ಎತ್ತಿಕೊಂಡೆ.
ಕಡೆಯ ಸಲ ಎತ್ತಿದ್ದು ಯಾವಾಗಲೋ,
ಅದೇ ಕಡೆಯದೆಂದು ಆಗ ತಿಳಿದಿರಲಿಲ್ಲ;
ಈಗ ಅವಳ ಪಾದ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.
ಲಕೋಟೆಗೆ ಕಾಗದ ಇಳಿಸಿದ ಹಾಗೆ ಬ್ಯಾಗಿನೊಳಕ್ಕೆ ಇಳಿಸುವಾಗ
ಪಕ್ಕದಲ್ಲಿ ಜೋಫಿಯಾಳ ಕಣ್ಣು ಅಗಲ ತೆರೆದಿತ್ತು.
ನನ್ನನ್ನು ನೋಡಿದಳು. ಇವಳನ್ನು ನೋಡಿದಳು.
ದೊಡ್ಡವರ ಮರ್ಯಾದೆಯಲ್ಲಿ
ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

ತಿಂಡಿಯ ಹೊತ್ತಿಗೆ ಐಲಿ,
ಕಾರ್ನ್‌ಫ್ಲೇಕ್ಸ್ ಡಬ್ಬದ ಹಿಂದೆ ಕೈಹಾಕಿದವಳು,
"ಹಾಲಿಗೆ ಈ ಚಂದದ ಜಗ್ಗು ತಗೊಳ್ಳಲಾ?" ಅಂದಳು.
ಅವಳ ಕೈಯಲ್ಲಿ ಫಳಫಳ ನಮ್ಮ ಬಚ್ಚಲ ಚೊಂಬು.

ಇಬ್ಬನಿಯ ಮುಖ ನೋಡಬೇಕಿತ್ತು ನೀವು.
ನಾಲ್ಕು ಬಟ್ಟಲಿಗೆ ಹಾಲು ಬಿತ್ತು.

ನಿನ್ನೆ ಮಧ್ಯಾಹ್ನವೇ ಅದು ಅಲ್ಲಿ ಸಿಕ್ಕಿತ್ತು ನನಗೆ.
ಸೋಪು, ಉಪ್ಪು, ಕುದಿವ ನೀರು,
ಮೂರು ಸಲ ತಿಕ್ಕಿ ತೊಳೆದು
ಅವಳಿಟ್ಟ ಜಾಗದಲ್ಲೇ, ಅವಳಿಟ್ಟ ಹಾಗೇ ಇಟ್ಟಿದ್ದೆ.
ಅದು ಅವಳಿಗೆ ಗೊತ್ತಿಲ್ಲ. ಇನ್ನೂ ಹೇಳಿಲ್ಲ.

"ನಂಗೆ ಹಾಲು ಬೇಡ," ಅಂದಳು, ನನ್ನ ಕಡೆ ನೋಡದೆ,
ಒಣ ಕಾರ್ನ್‌ಫ್ಲೇಕ್ಸು ಕರುಂ ಕುರುಂ ಅಗಿಯುತ್ತ.
ಜೋಫಿಯಾ ಎರಡನೇ ಸಲ ಹಾಕಿಸಿಕೊಂಡಳು.