ಎಲುಬಿಲ್ಲದ ಸಾಕ್ಷಿ

ನಾಲಿಗೆ ಚಾಚಿ, ಎಂದ.
ಚಾಚಿದೆ, ಡಾಕ್ಟರ ಮುಂದೆ ಚಾಚುವ ಹಾಗೆಯೇ.
ಬೆಳಗಿನ ಆರೂ ಕಾಲು. ಕಾಂಡೋಬೊಲಿನ್ ದಾಟಿ
ಗೋದಿ ಸೈಲೋಗಳ ತಿರುವು.
ನೀಲಿ ಕೈಗವಸು, ಅದರ ತುದಿಗೊಂದು ಕಡ್ಡಿ,
ಕಡ್ಡಿಗೆ ನನ್ನ ಎಂಜಲು.
ಬಸ್ಸು ಖಾಲಿಯಿತ್ತು, ಪುಣ್ಯ.

"ಐದು ನಿಮಿಷ, ನೋಯ್ಲೀನ್," ಎಂದ ಹುಡುಗ,
ಲೈಸೆನ್ಸಿನಲ್ಲಿ ಹೆಸರು ಓದಿ. ಅವನ ಕಿವಿಯಂಚು
ಬಿಸಿಲಿಗೆ ಸುಲಿದಿತ್ತು.
ಗುಲಾಬಿ ಗಲಾ ಹಕ್ಕಿಗಳು ತಂತಿಯ ಮೇಲೆ
ಜಾಗಕ್ಕೆ ಜಗಳವಾಡಿದವು.
ಗೆರೆ ಮೂಡಲಿಲ್ಲ.
ಮೂಡದಿದ್ದರೆ ಇದೆ ಎಂದು ಅರ್ಥವಂತೆ.

ಹೌದು, ಇದೆ. ನಿನ್ನೆ ರಾತ್ರಿ ನಾಲಿಗೆಯಡಿ ಹನ್ನೆರಡು ಹನಿ,
ಡಬ್ಬೊದ ಡಾಕ್ಟರು ಬರೆದದ್ದು. ಚೀಟಿ ಕೊಟ್ಟೆ.
ಓದಿದ, ಪಾಪ, ಪೂರ್ತಿ ಓದಿದ.
ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಕೊಟ್ಟ.
"ನಿಮಗೆ ಅಮಲೇರಿದೆ ಅನ್ನುತ್ತಿಲ್ಲ ನಾನು."
ಏರಬೇಕೆಂದಿಲ್ಲ. ಇದ್ದರೆ ಸಾಕು.

ಹನಿಗೆ ಮುಂಚೆ ಎರಡು ವರ್ಷ
ಬಿಳಿ ಮಾತ್ರೆಯ ಕಾಲ.
ಒಂದು ಮಧ್ಯಾಹ್ನ ರೈಲ್ವೆ ಗೇಟಿನ ಕೆಂಪು ದೀಪದೆದುರು
ಕಣ್ಣು ಕೂತಿತು, ಎಷ್ಟು ಹೊತ್ತೋ,
"ರೈಲು ಆಗಲೇ ಹೋಯ್ತು!" ಅಂತ
ಹಿಂದಿನ ಸೀಟಿನ ಜಾರಾ ಕೂಗುವ ತನಕ.
ಹದಿನಾಲ್ಕು ಮಕ್ಕಳಿದ್ದರು.
ಆ ವಾರವೂ ನಿಲ್ಲಿಸಿದ್ದರು, ಇದೇ ತಿರುವು, ಇದೇ ಕಡ್ಡಿ.
ಗೆರೆ ಚೆಂದಾಗಿ ಮೂಡಿತ್ತು.
ಒಳ್ಳೆಯದಾಗಲಿ, ಹೋಗಿ ಬನ್ನಿ, ಅಂದಿದ್ದರು.

ನಾಲಿಗೆಗೆ ಎಲುಬಿಲ್ಲ.
ಬೆನ್ನಿಗಿದೆ; ಅದರಲ್ಲಿ ಮೂರನ್ನು ಸ್ಕ್ರೂ ಹಿಡಿದು ನಿಲ್ಲಿಸಿದೆ.
ಎಲುಬಿನ ನೋವಿಗೆ
ಎಲುಬಿಲ್ಲದ್ದು ಸಾಕ್ಷಿ ಹೇಳಿತು,
ಅದೂ ಅರ್ಧ.

ಕೋರ್ಟು ಮೂರು ತಿಂಗಳು ಅಂದಿತು.
ಮೂರು ತಿಂಗಳು ಮುಗಿಯುತ್ತವೆ.
ಮುಗಿಯದ್ದು ಬೇರೊಂದು ಕಚೇರಿಯಿಂದ ಬಂತು, ತೆಳು ಲಕೋಟೆಯಲ್ಲಿ:
ಮಕ್ಕಳನ್ನು ಕರೆದೊಯ್ಯಲು ತಾವು ಸೂಕ್ತ ವ್ಯಕ್ತಿಯೇ
ಎಂಬುದು ಪರಿಶೀಲನೆಯಲ್ಲಿದೆ.
ಸೂಕ್ತ.
ಹತ್ತೊಂಬತ್ತು ವರ್ಷ. ಯಾವ ಮಗು ತಿಂಡಿ ತಿಂದಿಲ್ಲ,
ಯಾವ ಗೇಟಿನಲ್ಲಿ ಇಳಿಸಿ ದೀಪ ಹತ್ತುವವರೆಗೆ ಕಾಯಬೇಕು,
ಇದನ್ನು ಕೇಳುವ ಅರ್ಜಿ ಇಲ್ಲ.

ವೃದ್ಧಾಶ್ರಮದ ವ್ಯಾನಿಗೆ ಅರ್ಜಿ, ಧಾನ್ಯದ ಯಾರ್ಡಿಗೆ ಅರ್ಜಿ,
ಎಲ್ಲದರ ಎರಡನೇ ಪುಟದಲ್ಲೂ ಅದೇ:
ಲೈಸೆನ್ಸು ಎಂದಾದರೂ ಅಮಾನತಾಗಿತ್ತೇ?
ಹೌದು. ಇಲ್ಲ. ಎರಡು ಚೌಕ,
ನಡುವೆ ಅರ್ಧ ಅಂಗುಲ ಬಿಳಿ.
ಆ ಬಿಳಿಯಲ್ಲಿ ಬರೆಯತೊಡಗಿದೆ: ರಾತ್ರಿ, ಹನ್ನೆರಡು ಹನಿ, ಬೆನ್ನಿಗೆ,
ಚೀಟಿ ಇತ್ತು, ಬಸ್ಸು ಖಾಲಿ
ಅಕ್ಷರ ಅಂಚು ದಾಟಿ ಮೇಜಿಗೆ ಹೋಯಿತು.

ಹನಿಯ ಬಾಟಲಿಯ ಪಕ್ಕ ಹಳೆಯ ಮಾತ್ರೆಯ ಡಬ್ಬಿ.
ಬೆನ್ನು ಒಂದನ್ನು ಕೇಳುತ್ತದೆ, ಕೆಲಸ ಇನ್ನೊಂದನ್ನು.

ಇವತ್ತು ಏಳಕ್ಕೆ ಬಸ್ಸು ಹಾದುಹೋಯಿತು.
ಎದುರುಮನೆಯ ಟೀಗನ್‌ಗೆ ಒಂದು ಕಿವಿ ಕೇಳದು,
ಎರಡು ಹಾರ್ನ್ ಬೇಕು.
ಹೊಸ ಡ್ರೈವರು ಒಂದೇ ಹೊಡೆದ.